ಕೊಂಡರೂ ಕೈಗೆ ಬಾರದ ಸರಕು

ಕಳೆದ ದೀಪಾವಳಿಗೆ ನಮ್ಮ ಮನೆಗೆ ಬಂದಿದ್ದ ನನ್ನ ಸೋದರಳಿಯ, ಪಿ. ಯು. ತರಗತಿಯಲ್ಲಿ ಓದುವ ಹುಡುಗ, ಬೆಳಗಿನ ಎಣ್ಣೆಸ್ನಾನ ಮುಗಿಸಿ ಬಂದವನೇ ಬಹಳ ಉತ್ಸಾಹದಿಂದ, "ಮಾವ, ಒಂದು ಆಟ ಕೊಂಡುಬಿಟ್ಟೆ. ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಕ್ಕಿತು" ಎಂದ. "ಎಲ್ಲಿ, ತೋರಿಸು" ಎಂದು ನಾನು ಕೈ ಚಾಚಿದೆ. ಅವನು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದ. ಅಲ್ಲಿ ಒಂದು ಚಿತ್ರ, ಅದರ ಕೆಳಗೆ ಮೆಲ್ಲಮೆಲ್ಲನೆ ಬೆಳೆಯುತ್ತಿದ್ದ ಒಂದು ನೀಲಿ ಗೆರೆ.

"ಅಂಗಡಿ ಎಲ್ಲಿದೆಯೋ?" ಎಂದೆ.

"ಅಮೆರಿಕದಲ್ಲಿ, ಮಾವ."

"ಸಾಮಾನು?"

"ಇನ್ನೂ ಇಳೀತಾ ಇದೆ. ರಾತ್ರಿಯಾಗುತ್ತೆ."

ಒಳಗೆ ಹೂವು ಕಟ್ಟುತ್ತಿದ್ದ ನಮ್ಮ ತಾಯಿ ಇದೆಲ್ಲವನ್ನೂ ಕೇಳಿಸಿಕೊಂಡಿದ್ದರು. "ಅಲ್ಲವೋ, ದುಡ್ಡು ಹೋಯಿತು, ಸಾಮಾನು ಕಣ್ಣಿಗೆ ಕಾಣಲಿಲ್ಲ. ನಾಳೆ ಆ ಅಂಗಡಿಯವನು ಕದ ಹಾಕಿಕೊಂಡು ಹೋದರೆ ನಿನ್ನ ಹತ್ತಿರ ಏನು ಉಳಿಯುತ್ತೆ?" ಎಂದರು. ಹುಡುಗ, "ಅದೆಲ್ಲ ಹಾಗೆ ಆಗೋದಿಲ್ಲ, ಅಜ್ಜಿ" ಎಂದು ಹೇಳಿದನೇ ಹೊರತು ಸರಿಯಾದ ಉತ್ತರ ಕೊಡಲಿಲ್ಲ. ನನಗೂ ತಿಳಿದಿರಲಿಲ್ಲ. ಆದರೆ ಪ್ರಶ್ನೆ ಮಾತ್ರ ಬಲವಾದದ್ದೆಂದು ತೋರಿತು. ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಇಂದು ತಂದೆತಾಯಿಗಳ ಹಣ ಈ ದಾರಿಯಲ್ಲಿ ಹೋಗುತ್ತಿರುವಾಗ, ಆ ಹಣಕ್ಕೆ ಪ್ರತಿಯಾಗಿ ಮನೆಗೆ ಬರುವುದೇನು ಎಂಬುದನ್ನು ವಿಚಾರಿಸಿ ತಿಳಿದುಕೊಳ್ಳುವುದು ಯುಕ್ತ. ಹಾಗೆ ವಿಚಾರಿಸಿ ತಿಳಿದದ್ದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಅಂಗಡಿಯ ಹುಟ್ಟನ್ನು ಹೇಳಬೇಕು. ಹಿಂದೆ ಕಂಪ್ಯೂಟರ್ ಆಟಗಳು ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಪೆಟ್ಟಿಗೆಯೊಳಗೆ ಒಂದು ತಟ್ಟೆ, ಒಂದು ಕೈಪಿಡಿ, ಕೆಲವು ವೇಳೆ ಒಂದು ಭೂಪಟ. ಅಮೆರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ ೧೯೯೬ರಲ್ಲಿ ಗೇಬ್ ನ್ಯೂವೆಲ್ ಮತ್ತು ಮೈಕ್ ಹ್ಯಾರಿಂಗ್ಟನ್ ಎಂಬ ಇಬ್ಬರು ಮೈಕ್ರೋಸಾಫ್ಟ್ ಸಂಸ್ಥೆಯ ಕೆಲಸವನ್ನು ಬಿಟ್ಟು ವಾಲ್ವ್ ಎಂಬ ಸಂಸ್ಥೆಯನ್ನು ಕಟ್ಟಿದರು. ೧೯೯೮ರಲ್ಲಿ ಹೊರಬಂದ ಇವರ 'ಹಾಫ್-ಲೈಫ್' ಎಂಬ ಆಟ ಲೋಕಪ್ರಸಿದ್ಧವಾಯಿತು. ಅದನ್ನು ಆಧರಿಸಿ ಆಟಗಾರರೇ ರಚಿಸಿದ 'ಕೌಂಟರ್-ಸ್ಟ್ರೈಕ್' ಎಂಬುದು ಅದಕ್ಕಿಂತಲೂ ಹೆಚ್ಚಾಗಿ ಹರಡಿತು. ಅನೇಕರು ಅಂತರಜಾಲದ ಮೂಲಕ ಒಟ್ಟಿಗೆ ಸೇರಿ ಆಡುವ ಆಟ ಅದು. ತೊಡಕು ಬಂದದ್ದು ಅಲ್ಲಿಯೇ. ಆಟದಲ್ಲಿ ಒಂದು ದೋಷವನ್ನು ತಿದ್ದಿದರೆ ಆ ತಿದ್ದುಪಡಿ ಎಲ್ಲ ಆಟಗಾರರನ್ನೂ ಮುಟ್ಟಬೇಕು. ಒಬ್ಬನ ಬಳಿ ಹಳೆಯ ಪಾಠ, ಇನ್ನೊಬ್ಬನ ಬಳಿ ಹೊಸ ಪಾಠ ಇದ್ದರೆ ಇಬ್ಬರೂ ಕೂಡಿ ಆಡುವುದು ಸಾಧ್ಯವಾಗುತ್ತಿರಲಿಲ್ಲ. (ಹಸ್ತಪ್ರತಿಗಳ ಪಾಠಾಂತರಗಳೊಡನೆ ಹೆಣಗಾಡಿದ ನಮ್ಮಂಥವರಿಗೆ ಈ ಸಂಕಟ ಬೇಗ ಅರ್ಥವಾಗುತ್ತದೆ.) ಈ ತಿದ್ದುಪಡಿಗಳನ್ನು ತಾನೇ ತಾನಾಗಿ ಎಲ್ಲರ ಕಂಪ್ಯೂಟರಿಗೂ ಕಳುಹಿಸುವುದಕ್ಕಾಗಿ, ಮೋಸದ ಆಟವನ್ನು ತಡೆಯುವುದಕ್ಕಾಗಿ, ವಾಲ್ವ್ ಸಂಸ್ಥೆ ೨೦೦೩ರ ಸೆಪ್ಟೆಂಬರ್ ೧೨ರಂದು 'ಸ್ಟೀಮ್' ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಅದು ಹುಟ್ಟಿದ್ದು ಅಂಗಡಿಯಾಗಿ ಅಲ್ಲ, ಅಂಚೆಯವನಾಗಿ ಎಂದು ಹೇಳಬಹುದು.

ಅಂಚೆಯವನು ಅಂಗಡಿ ಇಟ್ಟದ್ದು ಸ್ವಲ್ಪ ತಡವಾಗಿ. ೨೦೦೪ರ ನವೆಂಬರಿನಲ್ಲಿ 'ಹಾಫ್-ಲೈಫ್ ೨' ಬಂದಾಗ ಒಂದು ಹೊಸ ಕಟ್ಟಳೆ ಹುಟ್ಟಿತು. ಪೆಟ್ಟಿಗೆಯನ್ನು ಅಂಗಡಿಯಲ್ಲಿ ಹಣ ಕೊಟ್ಟು ಮನೆಗೆ ತಂದವನೂ ಸಹ ಸ್ಟೀಮಿನಲ್ಲಿ ಹೆಸರು ಬರೆಸಿ, ಅಂತರಜಾಲದ ಮೂಲಕ ಅವರ ಒಪ್ಪಿಗೆ ಪಡೆದ ಹೊರತು ಆಡುವಂತಿರಲಿಲ್ಲ. ಮೊದಲ ದಿನಗಳಲ್ಲಿ ಎಲ್ಲರೂ ಏಕಕಾಲಕ್ಕೆ ಮುಗಿಬಿದ್ದುದರಿಂದ ಆ ಯಂತ್ರಗಳು ಉಸಿರುಕಟ್ಟಿದವು. ಕೊಂಡವರು ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಸುಮ್ಮನೆ ಕುಳಿತಿರಬೇಕಾಯಿತು. ಜನ ಬಹಳವಾಗಿ ಬೈದರು. ಆದರೂ ಕ್ರಮೇಣ ಒಗ್ಗಿಕೊಂಡರು. ೨೦೦೫ರಿಂದ ಬೇರೆಯವರ ಆಟಗಳೂ ಅಲ್ಲಿ ಮಾರಾಟಕ್ಕೆ ಬಂದವು. ಇಂದು ಅದು ಕಂಪ್ಯೂಟರ್ ಆಟಗಳ ಎಲ್ಲಕ್ಕಿಂತ ದೊಡ್ಡ ಪೇಟೆ. ೨೦೨೪ ಒಂದೇ ವರ್ಷದಲ್ಲಿ ಅಲ್ಲಿಗೆ ೧೮ ಸಾವಿರಕ್ಕೂ ಹೆಚ್ಚು ಹೊಸ ಆಟಗಳು ಬಂದವೆಂದರೆ ಅದರ ವಿಸ್ತಾರವನ್ನು ಊಹಿಸಿಕೊಳ್ಳಬಹುದು. ನೂರು ಡಾಲರು ಶುಲ್ಕ ಕಟ್ಟಿದರೆ ಯಾವ ಊರಿನ ಯಾವ ತರುಣನಾದರೂ ತಾನು ಮಾಡಿದ ಆಟವನ್ನು ಅಲ್ಲಿ ಇಡಬಹುದೆಂಬ ಕ್ರಮ ೨೦೧೭ರಲ್ಲಿ ಬಂದಿತು. ಮಾರಾಟವಾದ ಹಣದಲ್ಲಿ ನೂರಕ್ಕೆ ಮೂವತ್ತು ಭಾಗವನ್ನು ಅಂಗಡಿ ಹಿಡಿದುಕೊಳ್ಳುತ್ತದೆ. ಬಹಳ ದೊಡ್ಡ ಮಾರಾಟವಾದರೆ ಈ ಭಾಗ ಇಪ್ಪತ್ತೈದಕ್ಕೂ ಇಪ್ಪತ್ತಕ್ಕೂ ಇಳಿಯುತ್ತದೆ. ಇದು ಹೆಚ್ಚಾಯಿತೆಂದು ದೂರುವವರಿದ್ದಾರೆ. ೨೦೧೮ರ ಡಿಸೆಂಬರಿನಲ್ಲಿ ಆರಂಭವಾದ ಎಪಿಕ್ ಎಂಬ ಇನ್ನೊಂದು ಅಂಗಡಿ ನೂರಕ್ಕೆ ಹನ್ನೆರಡನ್ನು ಮಾತ್ರ ತೆಗೆದುಕೊಳ್ಳುವೆನೆಂದು ಸಾರಿಯೇ ಪೇಟೆಗೆ ಇಳಿಯಿತು.

ನಮ್ಮ ದೇಶದವರಿಗೆ ೨೦೧೫ರ ನವೆಂಬರಿನವರೆಗೆ ಸ್ಟೀಮಿನಲ್ಲಿ ಬೆಲೆಯೆಲ್ಲ ಡಾಲರಿನಲ್ಲಿಯೇ ಕಾಣಿಸುತ್ತಿತ್ತು. ಆ ತಿಂಗಳಿಂದ ರೂಪಾಯಿಯ ಲೆಕ್ಕ ಬಂದಿತು. ಬೇಸಗೆಯಲ್ಲೊಮ್ಮೆ ಚಳಿಗಾಲದಲ್ಲೊಮ್ಮೆ ಅವರು ನಡೆಸುವ ರಿಯಾಯಿತಿ ಮಾರಾಟದಲ್ಲಿ ಬೆಲೆಗಳು ಬಹಳವಾಗಿ ಇಳಿಯುತ್ತವೆ. ನಮ್ಮ ಹುಡುಗರು ಆ ದಿನಗಳಿಗಾಗಿ ಕಾದಿರುತ್ತಾರೆ, ನಮ್ಮ ಹೆಂಗಸರು ಆಷಾಢದ ರಿಯಾಯಿತಿಗೆ ಕಾಯುವ ಹಾಗೆಯೇ.

ಸಾಮಾನು ಬರುವ ಬಗೆಯಾದರೂ ಹೇಗೆ? ಆಟವೆಂಬುದು ಕೊನೆಗೆ ಒಂದು ಬರೆಹ. ಕಂಪ್ಯೂಟರಿಗೆ ಅರ್ಥವಾಗುವ ಅಂಕಿಗಳಲ್ಲಿ ಬರೆದ ಬಹು ದೀರ್ಘವಾದ ಗ್ರಂಥ. ಚಿತ್ರ, ಸಂಗೀತ, ಮಾತು, ಆಟದ ನಿಯಮಗಳು ಎಲ್ಲವೂ ಅದರಲ್ಲಿ ಸೇರಿವೆ. ಅಂಗಡಿಯವರು ಈ ಗ್ರಂಥವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಗಾತ್ರ ಕುಗ್ಗಿಸಿ, ಪ್ರಪಂಚದ ಹಲವು ಊರುಗಳಲ್ಲಿರುವ ತಮ್ಮ ಯಂತ್ರಗಳಲ್ಲಿ ಇಟ್ಟಿರುತ್ತಾರೆ. ನಾವು ಕೇಳಿದಾಗ ಸಮೀಪದ ಯಂತ್ರದಿಂದ ತುಂಡುಗಳು ಒಂದೊಂದಾಗಿ ನಮ್ಮ ಮನೆಗೆ ಬರುತ್ತವೆ. ಬಂದ ಪ್ರತಿಯೊಂದು ತುಂಡಿನ ಲೆಕ್ಕವನ್ನೂ ತಾಳೆ ನೋಡಿ, ಒಂದು ಅಂಕಿ ತಪ್ಪಿದ್ದರೂ ಆ ತುಂಡನ್ನು ಮತ್ತೆ ತರಿಸಿಕೊಳ್ಳುವ ಏರ್ಪಾಡಿದೆ. ನಡುವೆ ವಿದ್ಯುಚ್ಛಕ್ತಿ ಹೋದರೂ ಬಂದಷ್ಟು ಭಾಗ ನಷ್ಟವಾಗುವುದಿಲ್ಲ. ಈ ಗ್ರಂಥಗಳು ಬೆಳೆದಿರುವ ಪ್ರಮಾಣವನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. ೨೦೨೩ರಲ್ಲಿ ಬಂದ 'ಬಾಲ್ಡರ್ಸ್ ಗೇಟ್ ೩' ಎಂಬ ಆಟಕ್ಕೆ ೧೫೦ ಗಿಗಾಬೈಟ್ ಸ್ಥಳ ಬೇಕೆಂದು ಅದರ ತಯಾರಕರೇ ತಿಳಿಸಿದ್ದಾರೆ. ಹಿಂದಿನ ಕಾಲದ ೬೫೦ ಮೆಗಾಬೈಟಿನ ಸಿ.ಡಿ. ತಟ್ಟೆಗಳಲ್ಲಿ ಅದನ್ನು ತುಂಬಿದರೆ ಸುಮಾರು ಇನ್ನೂರ ಮೂವತ್ತು ತಟ್ಟೆಗಳಾಗುತ್ತವೆ. ಆ ಹೊರೆಯನ್ನು ಯಾವ ಪೆಟ್ಟಿಗೆಯಲ್ಲಿ ಇಟ್ಟು ಮಾರುವುದು? ಪೆಟ್ಟಿಗೆಯ ವ್ಯಾಪಾರ ಕುಗ್ಗಿದ್ದಕ್ಕೆ ಇದೂ ಒಂದು ಕಾರಣ.

ಇಷ್ಟಾಯಿತು ಸೌಕರ್ಯದ ಮಾತು. ಈಗ ನಮ್ಮ ತಾಯಿಯವರ ಪ್ರಶ್ನೆಗೆ ಬರೋಣ.

ಇಲ್ಲಿ ನಾನು ನನ್ನ ವೃತ್ತಿಗೆ ಸಹಜವಾದ ಒಂದು ಚಪಲವನ್ನು ತೋರಿಸುತ್ತೇನೆ, ಓದುಗರು ಮನ್ನಿಸಬೇಕು. ನಮ್ಮ ಭಾಷೆಯಲ್ಲಿ ಹಣ ಕೊಟ್ಟು ಪಡೆಯುವ ಬಗೆಗಳಿಗೆ ಬೇರೆಬೇರೆ ಮಾತುಗಳಿವೆ. ಕ್ರಯವೆಂದರೆ ಪೂರ್ತಿ ಕೊಂಡದ್ದು. ಅದನ್ನು ಮಾರಬಹುದು, ದಾನ ಕೊಡಬಹುದು, ಮಕ್ಕಳಿಗೆ ಬಿಡಬಹುದು. ಭೋಗ್ಯವೆಂದರೆ ಹಣವನ್ನು ಕೊಟ್ಟು ಅದು ಹಿಂದಕ್ಕೆ ಬರುವವರೆಗೆ ಅನುಭವಿಸುವುದು. ಗೇಣಿಯೆಂದರೆ ಹೊಲವನ್ನು ಉತ್ತು ಒಡೆಯನಿಗೆ ಪಾಲನ್ನು ಅಳೆಯುವುದು. ಬಾಡಿಗೆ ಎಲ್ಲರಿಗೂ ಗೊತ್ತು. ಎರವಿಗೆ ಹಣವೇ ಇಲ್ಲ. ಈ ಆಟದ ವ್ಯಾಪಾರ ಇವುಗಳಲ್ಲಿ ಯಾವುದು? ಪರದೆಯ ಮೇಲಿನ ಗುಂಡಿಯ ಮೇಲೆ 'ಕೊಳ್ಳಿ' ಎಂದೇ ಬರೆದಿರುತ್ತದೆ. ಆದ್ದರಿಂದ ಕ್ರಯವೆಂದು ತಿಳಿಯುವುದು ಸಹಜ. ಆದರೆ ಯಾರೂ ಓದದ ಆ ಉದ್ದನೆಯ ಕರಾರುಪತ್ರದಲ್ಲಿ, ಆಟವನ್ನು ಮಾರಿಲ್ಲವೆಂದೂ, ಆಡುವುದಕ್ಕೆ ಪರವಾನಗಿಯನ್ನು ಮಾತ್ರ ಕೊಟ್ಟಿದೆಯೆಂದೂ ಇರುತ್ತದೆ. ಬಾಡಿಗೆಯಂತೆ ಇದಕ್ಕೆ ಅವಧಿಯಿಲ್ಲ, ಭೋಗ್ಯದಂತೆ ಹಣ ಹಿಂದಕ್ಕೆ ಬರುವುದಿಲ್ಲ, ಕ್ರಯದಂತೆ ಮರುಮಾರಾಟದ ಹಕ್ಕೂ ಇಲ್ಲ. ಕೊಟ್ಟವನು ಹಿಂತೆಗೆದುಕೊಳ್ಳಬಹುದಾದ, ನಮ್ಮ ಹೆಸರಿಗೆ ಮಾತ್ರ ಸಲ್ಲುವ ಒಂದು ಪಾಸು ಎಂದರೆ ಹೆಚ್ಚು ಸರಿಯಾದೀತು.

ಪುಸ್ತಕದೊಡನೆ ಹೋಲಿಸಿ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳನ್ನು ಕೊಂಡು ಓದಿಯೇ ಎಷ್ಟು ಜನ ವಿದ್ಯಾವಂತರಾಗಿಲ್ಲ! ಒಮ್ಮೆ ಮಾರಿದ ಪ್ರತಿಯ ಮೇಲೆ ಪ್ರಕಾಶಕನಿಗೆ ಮತ್ತೆ ಅಧಿಕಾರವಿಲ್ಲವೆಂಬುದೇ ಆ ವ್ಯಾಪಾರದ ಆಧಾರ. ಆಟಗಳಿಗೂ ಈ ನ್ಯಾಯ ಸಲ್ಲಬೇಕೆಂದು ಫ್ರಾನ್ಸ್ ದೇಶದ ಒಂದು ಗ್ರಾಹಕ ಸಂಘ ವಾಲ್ವ್ ಸಂಸ್ಥೆಯ ಮೇಲೆ ದಾವೆ ಹೂಡಿತು. ೨೦೧೯ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ಗ್ರಾಹಕರ ಪರವಾಗಿ ತೀರ್ಪಿತ್ತಿತು. ೨೦೨೨ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಿರುಗಿಸಿತು. ತೊಟ್ಟು ಹಳೆಯದಾಗುವ ಅಂಗಿಗೂ, ನೂರು ಕೈ ದಾಟಿದರೂ ಹಳೆಯದಾಗದ ಅಂಕಿಗಳ ಗ್ರಂಥಕ್ಕೂ ಒಂದೇ ನ್ಯಾಯ ಹೊಂದುವುದಿಲ್ಲವೆಂಬ ವ್ಯಾಪಾರಿಗಳ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಹಾಗಿದ್ದರೆ ಗುಂಡಿಯ ಮೇಲೆ 'ಕೊಳ್ಳಿ' ಎಂದು ಬರೆಯುವುದೇಕೆ? ಪದಕ್ಕೆ ಅರ್ಥವೊಂದಿದ್ದು ಕರಾರಿಗೆ ಅರ್ಥ ಬೇರೊಂದಿದ್ದರೆ ಅದು ನನ್ನ ದೃಷ್ಟಿಯಲ್ಲಿ ವ್ಯಾಕರಣದೋಷಕ್ಕಿಂತ ದೊಡ್ಡ ದೋಷ. ಕ್ಯಾಲಿಫೋರ್ನಿಯಾ ಸಂಸ್ಥಾನದ ಶಾಸನಸಭೆಗೂ ಹಾಗೆಯೇ ತೋರಿರಬೇಕು. ೨೦೨೪ರಲ್ಲಿ ಅಲ್ಲಿ ಆದ ಕಾನೂನೊಂದು ೨೦೨೫ರ ಜನವರಿ ೧ರಿಂದ ಜಾರಿಗೆ ಬಂದಿದೆ. ಹಿಂತೆಗೆದುಕೊಳ್ಳಬಹುದಾದ ಪರವಾನಗಿಯನ್ನು ಮಾರುವವರು ಅದು ಪರವಾನಗಿ ಮಾತ್ರವೆಂದು ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿ' ಎಂಬ ಮಾತನ್ನು ಬಳಸಕೂಡದು. ಈ ಕಾನೂನು ಜಾರಿಗೆ ಬರುವ ಮೊದಲೇ, ೨೦೨೪ರ ಅಕ್ಟೋಬರಿನಲ್ಲಿ, ಸ್ಟೀಮಿನವರು ಹಣ ಕಟ್ಟುವ ಪುಟದಲ್ಲಿ ಅಂಥ ಒಂದು ಸಾಲನ್ನು ಸೇರಿಸಿದರು.

ಪರವಾನಗಿಯನ್ನು ಹಿಂತೆಗೆದುಕೊಂಡ ಉದಾಹರಣೆ ಉಂಟೇ ಎಂದು ಕೇಳಬಹುದು. ಉಂಟು. ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆ ೨೦೧೪ರಲ್ಲಿ 'ದಿ ಕ್ರೂ' ಎಂಬ ಕಾರು ಓಡಿಸುವ ಆಟವನ್ನು ಮಾರಿತು. ಒಬ್ಬನೇ ಕುಳಿತು ಆಡುವಾಗಲೂ ಆ ಆಟ ಸಂಸ್ಥೆಯ ಯಂತ್ರದೊಡನೆ ಮಾತನಾಡುತ್ತಲೇ ಇರಬೇಕಿತ್ತು. ೨೦೨೪ರ ಮಾರ್ಚ್ ೩೧ರಂದು ಆ ಯಂತ್ರಗಳನ್ನು ನಿಲ್ಲಿಸಿಬಿಟ್ಟರು. ಆಟ ಒಮ್ಮೆಗೇ ನಿಷ್ಪ್ರಯೋಜಕವಾಯಿತು. ಅಷ್ಟೇ ಅಲ್ಲ, ಮುಂದಿನ ತಿಂಗಳಲ್ಲಿ ಕೊಂಡವರ ಖಾತೆಗಳಿಂದ ಪರವಾನಗಿಯನ್ನೂ ತೆಗೆದುಹಾಕಿದರು. ಇದರಿಂದ ಕೆರಳಿದ ಆಟಗಾರರು ರಾಸ್ ಸ್ಕಾಟ್ ಎಂಬಾತನ ಮುಂದಾಳುತನದಲ್ಲಿ ಒಂದು ಚಳವಳಿ ಹೂಡಿದರು. ಆಟದ ಸೇವೆಯನ್ನು ನಿಲ್ಲಿಸುವುದಾದರೆ ನಿಲ್ಲಿಸಿ, ಆದರೆ ಕೊಂಡವನು ತನ್ನ ಮನೆಯಲ್ಲಿ ಆಡಿಕೊಳ್ಳುವಷ್ಟು ಸ್ಥಿತಿಯಲ್ಲಿ ಅದನ್ನು ಬಿಟ್ಟುಹೋಗಿ ಎಂಬುದು ಅವರ ಬೇಡಿಕೆ. ಐರೋಪ್ಯ ಒಕ್ಕೂಟಕ್ಕೆ ಸಲ್ಲಿಸುವ ಅವರ ಮನವಿಗೆ ೨೦೨೫ರ ಜುಲೈ ವೇಳೆಗೆ ಹತ್ತು ಲಕ್ಷಕ್ಕೂ ಮೀರಿ ಸಹಿಗಳು ಬಿದ್ದವು. ಇದಕ್ಕೂ ಹಿಂದೆ, ೨೦೦೯ರಲ್ಲಿ, ಅಮೆಜಾನ್ ಸಂಸ್ಥೆ ತಾನು ಮಾರಿದ ವಿದ್ಯುನ್ಮಾನ ಪುಸ್ತಕವೊಂದನ್ನು ಓದುಗರ ಯಂತ್ರಗಳಿಂದ ರಾತ್ರೋರಾತ್ರಿ ಅಳಿಸಿಹಾಕಿದ ಪ್ರಸಂಗವೂ ನಡೆದಿತ್ತು. ಅದನ್ನು ಅಂಗಡಿಯಲ್ಲಿಟ್ಟವರಿಗೆ ಪ್ರಕಟಣೆಯ ಹಕ್ಕು ಇರಲಿಲ್ಲವೆಂಬುದು ಕಾರಣ. ಹಣವನ್ನು ಹಿಂದಿರುಗಿಸಿದರು, ಸಂಸ್ಥೆಯ ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. ಅಳಿಸಿದ ಪುಸ್ತಕ ಜಾರ್ಜ್ ಆರ್ವೆಲ್ ಬರೆದ '೧೯೮೪'. ಆ ಕಾದಂಬರಿಯನ್ನು ಓದಿದವರಿಗೆ ಇದರ ವ್ಯಂಗ್ಯವನ್ನು ವಿವರಿಸಬೇಕಾಗಿಲ್ಲ.

ಇನ್ನು ಉತ್ತರಾಧಿಕಾರದ ವಿಷಯ. ೨೦೨೪ರಲ್ಲಿ ಒಬ್ಬ ಗ್ರಾಹಕ, ನಾನು ತೀರಿಕೊಂಡ ಮೇಲೆ ನನ್ನ ಸ್ಟೀಮ್ ಖಾತೆಯನ್ನು ಉಯಿಲಿನ ಮೂಲಕ ಮತ್ತೊಬ್ಬರಿಗೆ ಬಿಡಬಹುದೇ ಎಂದು ಕೇಳಿದ. ಬಿಡುವಂತಿಲ್ಲ ಎಂದು ಉತ್ತರ ಬಂದಿತು. ಇಪ್ಪತ್ತು ವರ್ಷ ಕೂಡಿಟ್ಟ ಆಟಗಳು, ಎಷ್ಟೋ ಸಾವಿರ ರೂಪಾಯಿ ಬೆಲೆಯವು, ಒಡೆಯನೊಡನೆ ಕಾನೂನಿನ ಲೆಕ್ಕದಲ್ಲಿ ಮುಗಿದುಹೋಗುತ್ತವೆ. ನಮ್ಮ ತಂದೆಯವರಿಂದ ನನಗೆ ಬಂದ ಆಸ್ತಿ ಎರಡು ಬೀರು ಪುಸ್ತಕ. ಈ ಸುದ್ದಿಯನ್ನು ಓದಿದ ದಿನ ಆ ಬೀರುಗಳ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ.

ಇಲ್ಲಿಗೆ ನಿಲ್ಲಿಸಿದರೆ ಏಕಪಕ್ಷದ ಮಾತಾಗುತ್ತದೆ. ಇದೇ ವ್ಯಾಪಾರವನ್ನು ಬೇರೆ ರೀತಿಯಲ್ಲಿ ನಡೆಸಿದವರೂ ಇದ್ದಾರೆ, ಅವರ ಕಥೆ ನನಗೆ ಬಹಳ ಹಿಡಿಸಿತು.

ಪೋಲೆಂಡ್ ದೇಶದಲ್ಲಿ ಕಮ್ಯೂನಿಸ್ಟ್ ಆಡಳಿತ ಕಳೆದ ಹೊಸತರಲ್ಲಿ ಕಂಪ್ಯೂಟರ್ ಗ್ರಂಥಗಳಿಗೆ ಕೃತಿಸ್ವಾಮ್ಯದ ರಕ್ಷಣೆ ಇರಲಿಲ್ಲ. ೧೯೯೪ರ ಕಾನೂನಿನಿಂದ ಅದು ಬಂದಿತು. ರಾಜಧಾನಿ ವಾರ್ಸಾದ ಕಂಪ್ಯೂಟರ್ ಸಂತೆಯಲ್ಲಿ ಆಟಗಳ ಕಳ್ಳಪ್ರತಿಗಳು ತರಕಾರಿಯಂತೆ ಮಾರಾಟವಾಗುತ್ತಿದ್ದವು. ಆ ಸಂತೆಯಲ್ಲಿಯೇ ವ್ಯಾಪಾರ ಕಲಿತ ಮಾರ್ಚಿನ್ ಇವಿನ್ಸ್ಕಿ ಮತ್ತು ಮಿಹೌ ಕಿಚಿನ್ಸ್ಕಿ ಎಂಬ ಇಬ್ಬರು ಸಹಪಾಠಿಗಳು ೧೯೯೪ರಲ್ಲಿ ಸಿ.ಡಿ. ಪ್ರೊಯೆಕ್ಟ್ ಎಂಬ ಸಂಸ್ಥೆಯನ್ನು ಆರಂಭಿಸಿ ಅಸಲಿ ಪ್ರತಿಗಳನ್ನು ತರಿಸಿ ಮಾರತೊಡಗಿದರು. ಬೀದಿಯಲ್ಲಿ ಅದೇ ಆಟ ಅಗ್ಗವಾಗಿ ಸಿಗುವಾಗ ಅಸಲಿಯನ್ನು ಕೊಳ್ಳುವವರು ಯಾರು? ಇವರು ಕಳ್ಳರ ಮೇಲೆ ಹರಿಹಾಯಲಿಲ್ಲ. ೧೯೯೯ರಲ್ಲಿ 'ಬಾಲ್ಡರ್ಸ್ ಗೇಟ್' ಎಂಬ ಆಟವನ್ನು ತಮ್ಮ ದೇಶದಲ್ಲಿ ತರುವಾಗ ಅದರ ಮಾತುಗಳನ್ನೆಲ್ಲ ಪೋಲಿಷ್ ಭಾಷೆಗೆ ಮಾಡಿಸಿದರು. ಹೆಸರಾಂತ ನಟರಿಂದ ಆಡಿಸಿ ಧ್ವನಿಮುದ್ರಿಸಿದರು. ಪೆಟ್ಟಿಗೆಯಲ್ಲಿ ಭೂಪಟ, ನಿಯಮಗಳ ಪುಸ್ತಕ, ಸಂಗೀತದ ತಟ್ಟೆ ಎಲ್ಲವನ್ನೂ ಇಟ್ಟರು. ಕಳ್ಳನು ಕೊಡಲಾರದ್ದನ್ನು ತಾನು ಕೊಡುವುದು, ಇದು ಉಪಾಯ. ಬೆಲೆ ಹೆಚ್ಚಾಗಿದ್ದರೂ ಜನ ಕೊಂಡರು. ಮಾತೃಭಾಷೆಗೆ ಅಲ್ಲಿ ಸಂದ ಮರ್ಯಾದೆ ಕನ್ನಡದ ಮೇಷ್ಟರಾದ ನನ್ನ ಮನಸ್ಸಿಗೆ ವಿಶೇಷವಾಗಿ ತಾಕಿತೆಂದು ಹೇಳಿದರೆ ಯಾರೂ ಆಕ್ಷೇಪಿಸಲಾರರು. ಕಳ್ಳಪ್ರತಿಯ ಹಾವಳಿ ಬಹುಮಟ್ಟಿಗೆ ಬೆಲೆಯ ಪ್ರಶ್ನೆಯಲ್ಲ, ಸೇವೆಯ ಪ್ರಶ್ನೆ ಎಂದು ಸ್ಟೀಮಿನ ನ್ಯೂವೆಲ್ ಕೂಡ ಮುಂದೊಮ್ಮೆ ಹೇಳಿದ್ದುಂಟು.

ಇದೇ ಪೋಲೆಂಡಿನವರು ೨೦೦೮ರಲ್ಲಿ ಹಳೆಯ ಒಳ್ಳೆಯ ಆಟಗಳನ್ನು ಮಾರುವ ಒಂದು ಅಂಗಡಿಯನ್ನು ತೆರೆದರು. 'ಗುಡ್ ಓಲ್ಡ್ ಗೇಮ್ಸ್' ಎಂಬುದು ಅದರ ಹೆಸರು. ಈಗ ಅದನ್ನು ಅಕ್ಷರಗಳನ್ನು ಕೂಡಿಸಿ 'ಗಾಗ್' ಎಂದು ಕರೆಯುತ್ತಾರೆ. ಇದರ ವಿಶೇಷವೇನೆಂದರೆ, ಇಲ್ಲಿನ ಆಟಗಳಿಗೆ ಬೀಗವಿಲ್ಲ. ಬೀಗವೆಂದರೆ, ಆಟ ತೆರೆಯುವ ಮೊದಲು ಅಂಗಡಿಯನ್ನು ಕೇಳಿ, ಇವನು ಹಣ ಕೊಟ್ಟವನೇ ಎಂದು ಖಚಿತಮಾಡಿಕೊಳ್ಳುವ ಏರ್ಪಾಡು. ಸ್ಟೀಮಿನಲ್ಲಿ ಹೆಚ್ಚಿನ ಆಟಗಳಿಗೆ ಬೀಗವಿದೆ; ಅಂತರಜಾಲವಿಲ್ಲದಾಗಲೂ ಆಡುವ ಸೌಕರ್ಯವನ್ನು ಕೊಟ್ಟಿದ್ದಾರೆಂಬುದು ನಿಜ, ಬೀಗವನ್ನೇ ಹಾಕದ ಕೆಲವು ಆಟಗಳು ಅಲ್ಲಿಯೂ ಇವೆ. ಆದರೆ ಗಾಗ್ ಅಂಗಡಿಯಲ್ಲಿ ಕೊಂಡವನು ಆಟದ ಪೂರ್ಣ ಪ್ರತಿಯನ್ನು ಇಳಿಸಿ, ಬೇರೊಂದು ಡಿಸ್ಕಿನಲ್ಲಿ ತುಂಬಿ, ಬೀರುವಿನಲ್ಲಿ ಇಡಬಹುದು. ಹತ್ತು ವರ್ಷ ಕಳೆದು ತೆಗೆದರೂ ಯಾರ ಅಪ್ಪಣೆಯೂ ಬೇಡ. ಕಾನೂನಿನ ಮಾತಿನಲ್ಲಿ ಅದೂ ಪರವಾನಗಿಯೇ, ಕಂಡಕಂಡವರಿಗೆ ಹಂಚುವಂತಿಲ್ಲ. ಆದರೆ ಬೀರುವಿನಲ್ಲಿ ಇರುವುದನ್ನು ವಾರ್ಸಾದಿಂದ ಬಂದು ಎತ್ತಿಕೊಂಡು ಹೋಗುವವರು ಯಾರು? ಮೇಲೆ ಹೇಳಿದ ಕ್ಯಾಲಿಫೋರ್ನಿಯಾದ ಕಾನೂನು ಸಹ ಹೀಗೆ ಶಾಶ್ವತವಾಗಿ ಇಳಿಸಿಕೊಳ್ಳಲು ಕೊಡುವ ಸರಕನ್ನು ತನ್ನ ನಿರ್ಬಂಧದಿಂದ ಹೊರಗಿಟ್ಟಿದೆ.

ನಮ್ಮ ತಾಯಿಯವರು ಕೇಳಿದ ಪ್ರಶ್ನೆಗೆ ಈ ಅಂಗಡಿ ೨೦೧೦ರಲ್ಲಿಯೇ ಒಂದು ವಿಚಿತ್ರವಾದ ಉತ್ತರವನ್ನು ಕೊಟ್ಟಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಒಂದು ದಿನ ಗಿರಾಕಿಗಳು ಬಂದು ನೋಡಿದರೆ ಅಂಗಡಿಯ ಕದ ಹಾಕಿತ್ತು. ಈಗಿನ ರೂಪದಲ್ಲಿ ಮುಂದುವರಿಯಲಾರೆವೆಂಬ ಒಂದು ಸೂಚನೆ ಮಾತ್ರ ಅಲ್ಲಿತ್ತು. ಕೊಂಡ ಆಟಗಳನ್ನು ಇಳಿಸಿಕೊಂಡಿದ್ದವರು ನಿಶ್ಚಿಂತೆಯಿಂದಿದ್ದರು. ಹಣ ಕೊಟ್ಟು, ಎಂದಾದರೂ ಇಳಿಸಿದರಾಯಿತೆಂದು ಅಂಗಡಿಯಲ್ಲಿಯೇ ಬಿಟ್ಟಿದ್ದವರು ಗಾಬರಿಗೆ ಬಿದ್ದರು. ಕೆಲವು ದಿನಗಳ ಮೇಲೆ ನಿಜ ಹೊರಬಂದಿತು. ಅದು ಹೊಸ ಅಂಗಡಿಯ ಉದ್ಘಾಟನೆಗಾಗಿ ಹೂಡಿದ್ದ ನಾಟಕ! ಸ್ಥಾಪಕರು ಸನ್ಯಾಸಿಗಳ ನಿಲುವಂಗಿಯನ್ನು ತೊಟ್ಟು ಬಂದು ಜನರ ಕ್ಷಮೆ ಕೇಳಿದರು. ತಮಾಷೆ ಬಹಳ ಕೆಟ್ಟದೆಂದೇ ನನ್ನ ಅಭಿಪ್ರಾಯ; ಹಣ ಕೊಟ್ಟವನ ಎದೆಯಲ್ಲಿ ಅವಲಕ್ಕಿ ಕುಟ್ಟಿಸಿ ನಗುವುದು ವ್ಯಾಪಾರದ ಮರ್ಯಾದೆಯಲ್ಲ. ಆದರೆ ಇಳಿಸಿಟ್ಟುಕೊಂಡ ಪ್ರತಿಗೂ, ಅಂಗಡಿಯಲ್ಲಿಯೇ ಬಿಟ್ಟ ಪ್ರತಿಗೂ ಇರುವ ಅಂತರವನ್ನು ಅದಕ್ಕಿಂತ ಚೆನ್ನಾಗಿ ಯಾವ ಉಪನ್ಯಾಸವೂ ತಿಳಿಸಲಾರದು.

ಹಳೆಯ ಆಟವನ್ನು ಮತ್ತೆ ಮಾರುವುದು ಸುಲಭದ ಕೆಲಸವೆಂದು ಯಾರೂ ತಿಳಿಯಬಾರದು. ಮೊದಲನೆಯದಾಗಿ ಆಟದ ಒಡೆಯರು ಯಾರೆಂದು ಹುಡುಕಬೇಕು. ಅದನ್ನು ಮಾಡಿದ ಸಂಸ್ಥೆ ಮುಳುಗಿಹೋಗಿರುತ್ತದೆ, ಅದರ ಹಕ್ಕು ಇನ್ನೊಬ್ಬರಿಗೆ ಮಾರಾಟವಾಗಿ, ಅವರಿಂದ ಮತ್ತೊಬ್ಬರಿಗೆ ಹೋಗಿ, ಸಂಗೀತದ ಹಕ್ಕು ಒಬ್ಬರಲ್ಲಿ, ಕಥೆಯ ಹಕ್ಕು ಒಬ್ಬರಲ್ಲಿ ಉಳಿದಿರುತ್ತದೆ. ಹಳ್ಳಿಯಲ್ಲಿ ಪಿತ್ರಾರ್ಜಿತ ಜಮೀನಿನ ಪಹಣಿಯನ್ನು ಹುಡುಕಿದವರು ಈ ಕಷ್ಟವನ್ನು ಬಲ್ಲರು. ಎರಡನೆಯದಾಗಿ ಹಳೆಯ ಆಟ ಹೊಸ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ. ಕೆಲವು ಆಟಗಳಲ್ಲಿ ಕಾಲದ ಗಣನೆಯೇ ಅಂದಿನ ಯಂತ್ರದ ನಿಧಾನಗತಿಗೆ ಹೊಂದಿಸಿದ್ದು. ಇಂದಿನ ಯಂತ್ರದ ಮೇಲೆ ಅವುಗಳ ಪಾತ್ರಗಳು ಹುಚ್ಚು ಹಿಡಿದಂತೆ ಓಡುತ್ತವೆ. ಹಾಗಾಗದಂತೆ, ಹೊಸ ಕಂಪ್ಯೂಟರಿನೊಳಗೆ ಹಳೆಯ ಕಂಪ್ಯೂಟರಿನ ವೇಷ ಹಾಕುವ ಡಾಸ್‌ಬಾಕ್ಸ್ ಮೊದಲಾದ ಸಾಧನಗಳಿವೆ. ಹವ್ಯಾಸಿಗಳು ಕಟ್ಟಿ ಎಲ್ಲರಿಗೂ ಉಚಿತವಾಗಿ ಬಿಟ್ಟ ಸಾಧನ ಅದು. ಆಟದೊಡನೆ ಅದನ್ನು ಹೊಂದಿಸಿ, ಪರೀಕ್ಷಿಸಿ, ಗಿರಾಕಿಗೆ ತೊಂದರೆಯಿಲ್ಲದಂತೆ ಮಾಡಿ ಕೊಡುವುದು ಅಂಗಡಿಯ ಕೆಲಸ. ೨೦೨೪ರ ನವೆಂಬರಿನಲ್ಲಿ ಗಾಗ್ ಇದನ್ನೇ ಒಂದು ಕಾರ್ಯಕ್ರಮವಾಗಿ ಮಾಡಿ, ಮೊದಲಿಗೆ ನೂರು ಆಟಗಳನ್ನು ಮುಂದೆಯೂ ನಡೆಯುವಂತೆ ಕಾಯ್ದುಕೊಂಡು ಬರುವೆವೆಂದು ಮಾತು ಕೊಟ್ಟಿತು. ಯಾವ ಆಟವನ್ನು ಮರಳಿ ತರಬೇಕೆಂಬುದಕ್ಕೆ ಗಿರಾಕಿಗಳಿಂದಲೇ ಹೆಸರು ಕೇಳಿ ಮತ ಹಾಕಿಸುವ ಪದ್ಧತಿಯೂ ಅಲ್ಲಿದೆ. ಹಾಗೆ ಮತ ಹಾಕುವವರು ಹುಡುಗರಲ್ಲ, ಬಹುಪಾಲು ನಲವತ್ತು ದಾಟಿದವರೇ ಇರಬೇಕೆಂದು ನನ್ನ ಊಹೆ. ತಾನು ಬಾಲ್ಯದಲ್ಲಿ ಆಡಿದ್ದು ಮತ್ತೊಮ್ಮೆ ಕೈಗೆ ಸಿಗಲೆಂಬ ಆಸೆ ಯಾರಿಗಿಲ್ಲ?

ಈ ಕೆಲಸದ ಅಗತ್ಯ ಎಷ್ಟಿದೆಯೆಂಬುದಕ್ಕೆ ಒಂದು ಲೆಕ್ಕ ಸಾಕು. ಅಮೆರಿಕದಲ್ಲಿ ಆಟಗಳ ಇತಿಹಾಸವನ್ನು ಸಂಗ್ರಹಿಸುವ ಒಂದು ಪ್ರತಿಷ್ಠಾನ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ೨೦೧೦ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ ಎಂಬತ್ತೇಳು ಭಾಗ ಇಂದು ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ. ಜಪಾನಿನ ನಿಂಟೆಂಡೊ ಸಂಸ್ಥೆ ತನ್ನ ಎರಡು ಹಳೆಯ ಆಟದ ಯಂತ್ರಗಳ ಅಂಗಡಿಗಳನ್ನು ೨೦೨೩ರ ಮಾರ್ಚಿನಲ್ಲಿ ಮುಚ್ಚಿದಾಗ, ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಹೊಸಬರು ಕೊಳ್ಳುವ ದಾರಿಯೇ ಇಲ್ಲವಾಯಿತು. ಪೊನ್ನಕವಿ 'ಭುವನೈಕರಾಮಾಭ್ಯುದಯ'ವೆಂಬ ಕಾವ್ಯವನ್ನು ಬರೆದನೆಂದು ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ; ಆ ಕಾವ್ಯ ಇಂದಿಗೂ ದೊರೆತಿಲ್ಲ. ಅದು ಸಾವಿರ ವರ್ಷದ ಹಿಂದಿನ ಮಾತು, ಗೆದ್ದಲು, ಬೆಂಕಿ, ನೀರು ಕಾರಣವೆನ್ನಬಹುದು. ಹದಿನೈದು ವರ್ಷದ ಹಿಂದಿನ ಕೃತಿ ಕಾಣದಾಗುವುದಕ್ಕೆ ಗೆದ್ದಲಿನ ಮೇಲೆ ತಪ್ಪು ಹೊರಿಸುವಂತಿಲ್ಲ. ಓಲೆಗರಿಯ ಗ್ರಂಥ ಯಾರ ಮನೆಯಲ್ಲಿದ್ದರೂ ಪ್ರತಿಮಾಡಿಕೊಳ್ಳಲು ಬೀಗ ಅಡ್ಡ ಬರುತ್ತಿರಲಿಲ್ಲ ಎಂಬುದನ್ನೂ ನೆನೆಯಬೇಕು.

ಮನೆಯ ಹಿರಿಯರಿಗೆ ಉಪಯೋಗವಾಗುವ ಒಂದೆರಡು ವಿವರಗಳನ್ನೂ ಇಲ್ಲಿ ಹೇಳಿಬಿಡುತ್ತೇನೆ. ಸ್ಟೀಮಿನಲ್ಲಿ ಕೊಂಡ ಆಟ ಹಿಡಿಸದಿದ್ದರೆ, ಕೊಂಡ ಹದಿನಾಲ್ಕು ದಿನಗಳೊಳಗೆ, ಆಡಿದ ಕಾಲ ಎರಡು ಗಂಟೆಯನ್ನು ಮೀರದಿದ್ದರೆ, ಹಣವನ್ನು ಹಿಂದಕ್ಕೆ ಕೇಳಬಹುದು. ೨೦೧೫ರ ಜೂನಿನಿಂದ ಈ ನಿಯಮವಿದೆ, ನಮ್ಮ ಹುಡುಗರಿಗೂ ತಿಳಿದಿದೆ, ತಂದೆತಾಯಿಗಳಿಗೆ ಅವರು ಹೇಳಿರುವುದಿಲ್ಲ. ೨೦೨೪ರ ಸೆಪ್ಟೆಂಬರಿನಿಂದ ಒಂದು ಮನೆಯ ಆರು ಮಂದಿಯವರೆಗೆ ಒಂದು ಕುಟುಂಬವೆಂದು ಹೆಸರು ಬರೆಸಿ ಪರಸ್ಪರರ ಆಟಗಳನ್ನು ಹಂಚಿಕೊಳ್ಳುವ ಏರ್ಪಾಡು ಬಂದಿದೆ. ಅದರಲ್ಲಿ ಹಿರಿಯರು ಮಕ್ಕಳ ಆಟದ ವೇಳೆಗೆ ಮಿತಿಯನ್ನು ಹಾಕಬಹುದು, ಯಾವ ಆಟ ಆಡಬಹುದೆಂಬುದನ್ನೂ ಗೊತ್ತುಮಾಡಬಹುದು. ಎಲ್ಲ ಆಟಗಳೂ ಹಂಚಿಕೆಗೆ ಒಳಪಡುವುದಿಲ್ಲ. ಖಾತೆಯ ಗುಪ್ತಪದವನ್ನು ಗೆಳೆಯರಿಗೆ ಕೊಡುವುದು, ಖಾತೆಯನ್ನೇ ಮಾರುವುದು ಕರಾರಿಗೆ ವಿರುದ್ಧ. ಸಿಕ್ಕಿಬಿದ್ದರೆ ಇರುವ ಆಟಗಳೆಲ್ಲ ಒಟ್ಟಿಗೆ ಹೋದಾವು. ಕೊಳ್ಳುವ ಮುನ್ನ ಆಟ ಒಂಟಿಯಾಗಿ, ಅಂತರಜಾಲದ ಸಂಪರ್ಕವಿಲ್ಲದೆ ನಡೆಯುತ್ತದೆಯೇ ಎಂದು ಒಂದು ಮಾತು ಕೇಳುವುದು ಒಳ್ಳೆಯದು. ಅದೇ ಆಟ ಬೀಗವಿಲ್ಲದ ಅಂಗಡಿಯಲ್ಲಿಯೂ ಸಿಗುವುದಾದರೆ ಬೆಲೆಯಲ್ಲಿ ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಅಲ್ಲಿ ಕೊಳ್ಳುವುದು ಲೇಸೆಂದು ನನ್ನ ಎಣಿಕೆ.

ಸಂಕ್ರಾಂತಿಗೆ ಬಂದಾಗ ಹುಡುಗನಿಗೆ ಇದೆಲ್ಲವನ್ನೂ ಹೇಳಿದೆ. ಅವನು ಅರ್ಧ ಗಂಟೆ ಕೇಳಿ, ತನ್ನ ಅಜ್ಜಿಯ ಪ್ರಶ್ನೆ ಸರಿಯಾದದ್ದೇ ಎಂದು ಒಪ್ಪಿಕೊಂಡ. ಎರಡು ಹಳೆಯ ಆಟಗಳನ್ನು ಗಾಗ್ ಅಂಗಡಿಯಿಂದ ತಂದು ಒಂದು ಪುಟ್ಟ ಡಿಸ್ಕಿನಲ್ಲಿ ಇಳಿಸಿ ತೋರಿಸಿದ. ನಮ್ಮ ತಾಯಿ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿ, "ಈಗ ಸಾಮಾನು ಅನ್ನಬಹುದು" ಎಂದರು. ಸ್ಟೀಮಿನ ಖಾತೆಯಲ್ಲಿ ಎಷ್ಟಿವೆಯೆಂದು ನಾನು ಕೇಳಿದೆ. ನಲವತ್ತಮೂರು ಎಂದ. ಅವುಗಳಲ್ಲಿ ಆಡಿರುವುದು ಎಷ್ಟು ಎಂದೆ. ಸ್ವಲ್ಪ ಯೋಚಿಸಿ, "ಏಳೋ ಎಂಟೋ, ಮಾವ" ಎಂದ. ನಾನು ನನ್ನ ಬೀರುಗಳ ಕಡೆ ನೋಡಿ, ಮುಂದಕ್ಕೆ ಏನೂ ಕೇಳಲಿಲ್ಲ.